ಓದದೆ ಕೊಟ್ಟ ತೀರ್ಪು

ಪುಸ್ತಕಗಳಲ್ಲಿ ಎರಡು ಜಾತಿ ಎಂಬ ನಂಬಿಕೆ ವಿದ್ಯಾವಂತರಲ್ಲಿ ಆಳವಾಗಿ ಬೇರುಬಿಟ್ಟಿದೆ. ಮಹಾಕಾವ್ಯ, ಗಂಭೀರ ಕಾದಂಬರಿ, ಅಡಿಟಿಪ್ಪಣಿಗಳಿಂದ ತುಂಬಿದ ಸಂಶೋಧನ ಗ್ರಂಥ ಒಂದು ಕಡೆ. ಪತ್ತೇದಾರಿ ಕತೆ, ಸಾಹಸ ಕಥನ, ಜನಪ್ರಿಯ ಇತಿಹಾಸ, ಸೂಪರ್‌ಹೀರೋ ಕಾಮಿಕ್ಸ್ ಇನ್ನೊಂದು ಕಡೆ. ಮೊದಲನೆಯದು ಓದು, ಎರಡನೆಯದು ಹೊತ್ತು ಕಳೆಯುವ ದಾರಿ. ಈ ವಿಂಗಡಣೆಯ ಬೆನ್ನಿಗೆ ಮೂರು ಮಾತುಗಳು ಬರುತ್ತವೆ. ಎರಡನೆಯ ಜಾತಿಯ ಪುಸ್ತಕ ಎಳೆಯ ಮನಸ್ಸನ್ನು ಕೆಡಿಸುತ್ತದೆ ಎಂಬುದು ಕಟುವಾದ ಮಾತು. ಕೆಡಿಸದಿದ್ದರೂ ಅದರಲ್ಲಿ ಯೋಚಿಸುವಂಥದ್ದೇನಿಲ್ಲ, ಟೈಮ್‌ಪಾಸ್‌ಗೆ ಇದ್ದರೆ ಇರಲಿ ಎಂಬುದು ಉದಾರ ಮಾತು. ಅಂಥ ಪುಸ್ತಕವನ್ನು ಓದಿದವರು ಆಡುವ ಬಿಡುಬೀಸಾದ ಅಭಿಪ್ರಾಯ ವಿಮರ್ಶೆಯ ಲೆಕ್ಕಕ್ಕೆ ಬಾರದು ಎಂಬುದು ಪಂಡಿತರ ಮಾತು. ಮೂರೂ ಬೇರೆ ಬೇರೆ ದನಿಯಲ್ಲಿ ಕೇಳಿಸಿದರೂ ಮೂಲ ಒಂದೇ: ಪುಸ್ತಕದ ಜಾತಿ ಗೊತ್ತಾದರೆ ಸಾಕು, ಪುಸ್ತಕವನ್ನು ಓದಿ ನೋಡಬೇಕಾಗಿಲ್ಲ. ಈ ನಂಬಿಕೆ ಕೆಟ್ಟ ಪುಸ್ತಕಗಳಿಂದ ಯಾರನ್ನೂ ಕಾಪಾಡಿಲ್ಲ. ಒಳ್ಳೆಯದನ್ನು ಕತ್ತರಿಸಿಹಾಕಲೂ ಸುಳ್ಳನ್ನು ಪರೀಕ್ಷೆಯಿಲ್ಲದೆ ದಾಟಿಸಲೂ ಅದು ನೆರವಾಗಿದೆ.

ಮೊದಲ ಮಾತಿಗೆ ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕ ಅತ್ಯಂತ ಸಮರ್ಥ ವಕ್ತಾರ ಫ್ರೆಡ್ರಿಕ್ ವರ್ಥಮ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈ ಮನೋವೈದ್ಯ ಸಣ್ಣ ಮನುಷ್ಯನಲ್ಲ. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ತೆರೆದ ಲಫಾರ್ಗ್ ಚಿಕಿತ್ಸಾಲಯದ ಹಿಂದಿನ ಶಕ್ತಿ ಅವರೇ. ಕಪ್ಪು ಮತ್ತು ಬಿಳಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಮಕ್ಕಳ ಮನಸ್ಸಿಗೆ ಮಾಡುವ ಗಾಯವನ್ನು ಕುರಿತು ಅವರು ಡೆಲವೇರ್‌ನ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಆ ಮೊಕದ್ದಮೆ ಮುಂದೆ ಬ್ರೌನ್ ಪ್ರಕರಣದೊಂದಿಗೆ ಸೇರಿ, 1954ರ ಮೇ ತಿಂಗಳಲ್ಲಿ ಶಾಲಾ ಪ್ರತ್ಯೇಕತೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ತಳ್ಳಿಹಾಕಲು ಕಾರಣವಾದವುಗಳಲ್ಲಿ ಒಂದಾಯಿತು. ಅದೇ ವರ್ಷ ಅವರ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಹೊರಬಂತು. ಬಾಲಾಪರಾಧಕ್ಕೆ ಕಾಮಿಕ್ಸ್ ಒಂದು ಮುಖ್ಯ ಕಾರಣ ಎಂಬುದು ಅದರ ವಾದ. ತಮ್ಮ ಬಳಿ ಚಿಕಿತ್ಸೆಗೆ ಬಂದ ಮಕ್ಕಳ ಮಾತುಗಳೇ ಅದಕ್ಕೆ ಆಧಾರ ಎಂದು ಅವರು ಮುಂದಿಟ್ಟರು.

ಈ ವಾದದ ಪರಿಣಾಮ ಬೇಗನೆ ಕಾಣಿಸಿತು. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತರುವ ಮೊದಲೇ ಹೆದರಿದ ಪ್ರಕಾಶಕರು ಸೇರಿ ‘ಕಾಮಿಕ್ಸ್ ಕೋಡ್’ ಎಂಬ ಸ್ವಯಂ ನಿಯಂತ್ರಣ ಸಂಹಿತೆಯನ್ನು ರೂಪಿಸಿಕೊಂಡರು. ಮುಖಪುಟದಲ್ಲಿ ಅದರ ಮುದ್ರೆ ಇಲ್ಲದ ಸಂಚಿಕೆಯನ್ನು ವಿತರಕರು ಮುಟ್ಟುತ್ತಿರಲಿಲ್ಲ. ಪ್ರತಿ ಕತೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಮೂಡುವಂತೆ ಚಿತ್ರಿಸಬಾರದು ಎಂದು ಅದು ವಿಧಿಸಿತು. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡ ಸಂಚಿಕೆಯನ್ನು ಈ ನಿಯಮದ ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿ ಅವನು ಹೆಂಡತಿಯನ್ನು ಹೊಡೆಯುವ ಗಂಡನನ್ನು ದಂಡಿಸುತ್ತಾನೆ, ನಿರಪರಾಧಿ ಹೆಂಗಸನ್ನು ಮರಣದಂಡನೆಯಿಂದ ಉಳಿಸಲು ನಡುರಾತ್ರಿ ರಾಜ್ಯಪಾಲನ ಮನೆಗೆ ನುಗ್ಗುತ್ತಾನೆ, ಸೆನೆಟರ್ ಒಬ್ಬನನ್ನು ಕೈಯೊಳಗೆ ಇಟ್ಟುಕೊಂಡ ದಲ್ಲಾಳಿಯ ಬೆನ್ನು ಹತ್ತುತ್ತಾನೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕ್ಲೀವ್‌ಲ್ಯಾಂಡಿನ ಇಬ್ಬರು ಯಹೂದಿ ಯುವಕರು, ಜೆರಿ ಸೀಗಲ್ ಮತ್ತು ಜೋ ಶೂಸ್ಟರ್, ಕಟ್ಟಿದ ನಾಯಕ ಅವನು. ಅಧಿಕಾರಸ್ಥರನ್ನು ಅನುಮಾನಿಸುವುದೇ ಅವನ ಹುಟ್ಟುಗುಣ. ಮಕ್ಕಳನ್ನು ಕಾಪಾಡುತ್ತೇವೆಂದು ಹೊರಟ ಸಂಹಿತೆ ಮೊದಲು ಕಾಪಾಡಿದ್ದು ಅಧಿಕಾರಸ್ಥರ ಮರ್ಯಾದೆಯನ್ನು.

ಇನ್ನೊಂದು ಕತೆಯ ಪಾಡು ಇದಕ್ಕಿಂತ ಸ್ಪಷ್ಟ. ಇ.ಸಿ. ಎಂಬ ಸಂಸ್ಥೆ 1953ರಲ್ಲಿ ‘ಜಜ್‌ಮೆಂಟ್ ಡೇ’ ಎಂಬ ಪುಟ್ಟ ವೈಜ್ಞಾನಿಕ ಕತೆಯನ್ನು ಪ್ರಕಟಿಸಿತು. ಭೂಮಿಯಿಂದ ಬಂದ ಗಗನಯಾತ್ರಿಯೊಬ್ಬ ಯಂತ್ರಮಾನವರ ಗ್ರಹವನ್ನು ಪರೀಕ್ಷಿಸುತ್ತಾನೆ. ಕಿತ್ತಳೆ ಬಣ್ಣದವರಿಗೆ ಒಂದು ಬಾಳು, ನೀಲಿ ಬಣ್ಣದವರಿಗೆ ಇನ್ನೊಂದು ಬಾಳು ಎಂಬ ಅಲ್ಲಿನ ವ್ಯವಸ್ಥೆಯನ್ನು ಕಂಡು, ವಿಶ್ವ ಒಕ್ಕೂಟ ಸೇರುವ ಯೋಗ್ಯತೆ ಈ ಗ್ರಹಕ್ಕೆ ಇನ್ನೂ ಬಂದಿಲ್ಲ ಎಂದು ತೀರ್ಮಾನಿಸಿ ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಅವನು ಶಿರಸ್ತ್ರಾಣ ತೆಗೆದಾಗ ಕಾಣುವುದು ಕಪ್ಪು ಮನುಷ್ಯನ ಮುಖ. 1956ರಲ್ಲಿ ಈ ಕತೆಯನ್ನು ಮರುಮುದ್ರಿಸಲು ಹೊರಟಾಗ ಸಂಹಿತೆಯ ಆಡಳಿತಾಧಿಕಾರಿ ಆ ಮುಖವನ್ನೇ ಬದಲಿಸಬೇಕೆಂದು ಪಟ್ಟುಹಿಡಿದರು. ಪ್ರಕಾಶಕ ವಿಲಿಯಂ ಗೇನ್ಸ್ ಒಪ್ಪಲಿಲ್ಲ, ವಿಷಯವನ್ನು ಪತ್ರಿಕೆಗಳಿಗೆ ತಿಳಿಸುವುದಾಗಿ ಎಚ್ಚರಿಸಿದರು, ಕತೆ ಇದ್ದಂತೆಯೇ ಅಚ್ಚಾಯಿತು. ಆದರೆ ಇ.ಸಿ. ಹೊರತಂದ ಕಾಮಿಕ್ಸ್ ಪುಸ್ತಕಗಳಲ್ಲಿ ಅದೇ ಕೊನೆಯದು. ಮುಂದೆ ಸಂಸ್ಥೆಯ ಪಾಲಿಗೆ ಉಳಿದದ್ದು ‘ಮ್ಯಾಡ್’ ಪತ್ರಿಕೆ ಮಾತ್ರ. ವರ್ಣಭೇದದ ವಿರುದ್ಧ ನ್ಯಾಯಾಲಯದಲ್ಲಿ ನಿಂತ ವರ್ಥಮ್ ಎಬ್ಬಿಸಿದ ಗಾಳಿಗೆ ಹುಟ್ಟಿದ ಸಂಹಿತೆ, ವರ್ಣಭೇದವನ್ನು ನೇರವಾಗಿ ಖಂಡಿಸಿದ ಕತೆಯ ಕತ್ತು ಹಿಡಿಯಿತು. ಇಡೀ ಜಾತಿಯನ್ನೇ ಒಟ್ಟಿಗೆ ಶಿಕ್ಷಿಸಿದರೆ ಆಗುವುದು ಇದೇ. ಕತೆ ಏನು ಹೇಳುತ್ತದೆ ಎಂದು ಕೇಳುವ ಗೊಡವೆಯೇ ಅಲ್ಲಿ ಇರುವುದಿಲ್ಲ.

ವರ್ಥಮ್ ಅವರ ಆಧಾರಗಳ ಗತಿಯೂ ಮುಂದೆ ಬಯಲಾಯಿತು. ಅವರ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2010ರಲ್ಲಿ ಸಂಶೋಧಕರಿಗೆ ಮುಕ್ತವಾದವು. ಗ್ರಂಥಾಲಯ ವಿಜ್ಞಾನದ ವಿದ್ವಾಂಸೆ ಕ್ಯಾರಲ್ ಟಿಲ್ಲಿ ಅವುಗಳನ್ನು ಅಚ್ಚಾದ ಪುಸ್ತಕದೊಂದಿಗೆ ಹೋಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಮಾತುಗಳನ್ನು ತಿದ್ದಲಾಗಿತ್ತು, ಬೇರೆ ಬೇರೆಯವರ ಮಾತುಗಳನ್ನು ಬೆರೆಸಲಾಗಿತ್ತು, ಮನೆಯ ಹಿಂಸೆ ಮತ್ತು ಪುಂಡರ ಗುಂಪಿನ ಸಹವಾಸದಂಥ ಕಾರಣಗಳು ದಾಖಲೆಯಲ್ಲಿದ್ದರೂ ಪುಸ್ತಕದಿಂದ ಬಿಟ್ಟುಹೋಗಿದ್ದವು. ಮಕ್ಕಳ ಮಾತನ್ನು ಆಲಿಸುವುದೇ ವೃತ್ತಿಯಾಗಿದ್ದ ವೈದ್ಯರು, ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಆ ಮಾತನ್ನು ಅದಕ್ಕೆ ತಕ್ಕಂತೆ ಒಗ್ಗಿಸಿದರು. ಸಂಹಿತೆಯಾದರೂ ಬಾಳಿತೇ ಎಂದರೆ ಅದೂ ಇಲ್ಲ. ಮಾದಕ ವಸ್ತುಗಳ ಕೇಡನ್ನು ತೋರಿಸುವ ಕತೆ ಬರೆಯಿರೆಂದು ಅಮೆರಿಕದ ಆರೋಗ್ಯ ಇಲಾಖೆಯೇ ಕಾಮಿಕ್ಸ್ ಬರಹಗಾರ ಸ್ಟಾನ್ ಲೀ ಅವರನ್ನು ಕೇಳಿಕೊಂಡಿತು. ಮಾದಕ ವಸ್ತುವಿನ ಪ್ರಸ್ತಾಪವೇ ಕೂಡದೆಂದು ಸಂಹಿತೆಯವರು ಅನುಮತಿ ನಿರಾಕರಿಸಿದರು. ಆ ಕತೆಯಿದ್ದ ಸ್ಪೈಡರ್‌ಮ್ಯಾನ್‌ನ ಮೂರು ಸಂಚಿಕೆಗಳು 1971ರಲ್ಲಿ ಮುದ್ರೆಯಿಲ್ಲದೆಯೇ ಹೊರಬಂದು ಮಾರಾಟವಾದವು. ನಿಯಮವನ್ನು ಸಡಿಲಿಸಬೇಕಾಯಿತು. 2011ರ ಹೊತ್ತಿಗೆ ಕೊನೆಯ ಪ್ರಕಾಶಕರೂ ಸಂಹಿತೆಯನ್ನು ಕೈಬಿಟ್ಟರು.

ಎರಡನೆಯ ಮಾತು ಮೇಲುನೋಟಕ್ಕೆ ಸೌಮ್ಯ. ಟೈಮ್‌ಪಾಸ್ ಪುಸ್ತಕವನ್ನು ಯಾರೂ ನಿಷೇಧಿಸಬೇಕಾಗಿಲ್ಲ, ಯಾರೂ ತಲೆಗೆ ಹಚ್ಚಿಕೊಳ್ಳಲೂ ಬೇಕಾಗಿಲ್ಲ ಎನ್ನುತ್ತದೆ ಅದು. ಈ ಔದಾರ್ಯದ ಅಡಿಯಲ್ಲೂ ಇರುವುದು ಅದೇ ತಿರಸ್ಕಾರ. ಯೋಚಿಸುವಂಥದ್ದಿಲ್ಲ ಎಂದು ಮೊದಲೇ ಒಪ್ಪಿಕೊಂಡ ಪುಸ್ತಕವನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸದ ಪುಸ್ತಕ ಹೇಳಿದ್ದೆಲ್ಲ ಮನಸ್ಸಿನಲ್ಲಿ ನಿಜವಾಗಿ ಕುಳಿತುಬಿಡುತ್ತದೆ.

ಅಮರ ಚಿತ್ರ ಕಥೆ ಇದಕ್ಕೆ ಭಾರತದ ದೊಡ್ಡ ನಿದರ್ಶನ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಈ ಮಾಲೆ ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳಾಗಿ, ಹಲವು ಭಾಷೆಗಳಲ್ಲಿ ಬೆಳೆಯಿತು. ಸೂಪರ್‌ಹೀರೋ ಕಾಮಿಕ್ಸ್ ಕಂಡರೆ ಮುಖ ಸಿಂಡರಿಸುವ ತಂದೆತಾಯಿ ಇದನ್ನು ಮಾತ್ರ ಸಂತೋಷದಿಂದ ಕೊಂಡು ಕೊಟ್ಟರು. ಪುರಾಣ, ಇತಿಹಾಸ, ನೀತಿ ಎಲ್ಲವೂ ಅದರಲ್ಲಿ ಸಿಗುತ್ತದೆ ಎಂಬುದು ನಂಬಿಕೆ. ಹೀಗೆ ಕೊಟ್ಟ ಪುಸ್ತಕಗಳಲ್ಲಿ ರಾಕ್ಷಸರ ಮೈಬಣ್ಣ ಕಪ್ಪು, ನಾಯಕಿಯರ ಬಣ್ಣ ಬಿಳುಪು. ಪತಿವ್ರತೆಯ ತ್ಯಾಗವೇ ಹೆಣ್ಣಿನ ಸಾಧನೆ. ಪುರಾಣದ ಪಾತ್ರವನ್ನೂ ಶಾಸನಗಳಲ್ಲಿ ದಾಖಲಾದ ಅರಸನನ್ನೂ ಒಂದೇ ಗೆರೆ, ಒಂದೇ ಬಣ್ಣ, ಒಂದೇ ಧಾಟಿಯಲ್ಲಿ ಹೇಳಿದ್ದರಿಂದ ಯಾವುದು ಕತೆ, ಯಾವುದು ಚರಿತ್ರೆ ಎಂಬ ಗಡಿ ಅಳಿಸಿಹೋಯಿತು. ನಂದಿನಿ ಚಂದ್ರ ಅವರಂಥ ವಿದ್ವಾಂಸರು ಇದನ್ನು ಪುಸ್ತಕರೂಪದಲ್ಲಿ ಪರಿಶೀಲಿಸುವ ಹೊತ್ತಿಗೆ ಒಂದೆರಡು ತಲೆಮಾರು ಈ ಚಿತ್ರಗಳನ್ನೇ ಇತಿಹಾಸವೆಂದು ನೆನಪಿನಲ್ಲಿ ಇಟ್ಟುಕೊಂಡಾಗಿತ್ತು. ಮಾಲೆಯನ್ನು ಸುಡಬೇಕೆಂದು ಇದರ ಅರ್ಥವಲ್ಲ. ದೂರದ ಊರಿನ ಮಗುವಿಗೂ ನೂರಾರು ಕತೆಗಳನ್ನು ಕಡಿಮೆ ಬೆಲೆಗೆ ಮುಟ್ಟಿಸಿದ ಸಾಧನೆ ಅದರದು. ಆ ಮಗುವಿನ ಪಕ್ಕದಲ್ಲಿ ಕುಳಿತು ಓದಿ, ರಾಕ್ಷಸ ಕಪ್ಪಗೇ ಏಕಿರಬೇಕು ಎಂದು ಕೇಳುವವರು ಇರಲಿಲ್ಲ ಎಂಬುದೇ ದೂರು.

ಸಾಹಸ ಕಥನದ ವಿಷಯವೂ ಹೀಗೆಯೇ. ಪೋಲೆಂಡಿನ ಸ್ಲಾವೊಮಿರ್ ರಾವಿಚ್ ಹೆಸರಿನಲ್ಲಿ 1956ರಲ್ಲಿ ಬಂದ ‘ದಿ ಲಾಂಗ್ ವಾಕ್’ ಲಕ್ಷಾಂತರ ಪ್ರತಿ ಮಾರಾಟವಾದ ಪುಸ್ತಕ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡವರು ಗೋಬಿ ಮರುಭೂಮಿಯನ್ನೂ ಹಿಮಾಲಯವನ್ನೂ ಕಾಲ್ನಡಿಗೆಯಲ್ಲಿ ದಾಟಿ ಭಾರತ ಸೇರಿದ ಕಥನ ಅದು. ಪೂರ್ಣಚಂದ್ರ ತೇಜಸ್ವಿಯವರ ‘ಮಹಾಪಲಾಯನ’ದ ಮೂಲಕ ಕನ್ನಡದ ಓದುಗರಿಗೂ ಅದು ಅಚ್ಚುಮೆಚ್ಚಾಯಿತು. ದಿನಗಟ್ಟಲೆ ನೀರಿಲ್ಲದೆ ಮರುಭೂಮಿಯಲ್ಲಿ ನಡೆದವರು ಬದುಕಿದ್ದು ಹೇಗೆ? ಹಿಮಾಲಯದಲ್ಲಿ ಕಂಡ ಆ ಎರಡು ದೈತ್ಯ ಪ್ರಾಣಿಗಳು ಯಾವುವು? ಇಂಥ ಅನುಮಾನ ಮೊದಲ ಓದಿಗೇ ಏಳುವಂಥದ್ದು. ಪುಸ್ತಕ ಬಂದ ಹೊಸತರಲ್ಲಿ ಹಿಮಾಲಯವನ್ನು ಕಾಲಡಿಯಲ್ಲಿ ಬಲ್ಲ ಎರಿಕ್ ಶಿಪ್ಟನ್, ಮಧ್ಯ ಏಷ್ಯಾದಲ್ಲಿ ಅಲೆದಾಡಿದ್ದ ಪೀಟರ್ ಫ್ಲೆಮಿಂಗ್ ಇದೇ ಧಾಟಿಯ ಸಂದೇಹ ಎತ್ತಿದ್ದರು. ರಾವಿಚ್ ಪರವಾಗಿ ಪುಸ್ತಕ ಬರೆದುಕೊಟ್ಟ ಪತ್ರಕರ್ತ ಅವರನ್ನು ಹುಡುಕಿಕೊಂಡು ಬಂದದ್ದೇ ಹಿಮಮಾನವನ ಸುದ್ದಿ ಸಿಗುತ್ತದೆಂದು. ಆದರೂ ‘ರೋಚಕ ಕಥನ, ಅಷ್ಟೇ’ ಎಂಬ ರಿಯಾಯಿತಿಯ ನೆರಳಿನಲ್ಲಿ ಅದು ಅರ್ಧ ಶತಮಾನ ಸತ್ಯಕಥೆಯಾಗಿಯೇ ಮಾರಾಟವಾಯಿತು. 2006ರಲ್ಲಿ ಬಿಬಿಸಿ ಬೆಳಕಿಗೆ ತಂದ ದಾಖಲೆಗಳ ಪ್ರಕಾರ ರಾವಿಚ್ ತಪ್ಪಿಸಿಕೊಂಡಿರಲೇ ಇಲ್ಲ. ಪೋಲಿಷ್ ಸೈನಿಕರಿಗೆ ಸಿಕ್ಕ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿ ಇರಾನಿನ ಶಿಬಿರಕ್ಕೆ ಸಾಗಿಸಲ್ಪಟ್ಟಿದ್ದರು. ‘ಮಹಾಪಲಾಯನ’ದ ಕನ್ನಡ ಇದರಿಂದ ಕಳೆಗುಂದುವುದಿಲ್ಲ. ಅದನ್ನು ಇತಿಹಾಸವೆಂದು ಒಪ್ಪಿಕೊಳ್ಳುವ ಮುನ್ನ ಓದುಗ ತನ್ನ ಅನುಮಾನಕ್ಕೆ ಬೆಲೆ ಕೊಡಬೇಕಿತ್ತು ಎಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಜನಪ್ರಿಯ ಇತಿಹಾಸ ಹಗುರವಾದದ್ದು, ಆದ್ದರಿಂದ ಅದರ ಪರಿಣಾಮವೂ ಹಗುರ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ಬಾರ್ಬರಾ ಟಕ್‌ಮನ್ ಅವರಿಗೆ ಇತಿಹಾಸದಲ್ಲಿ ಡಾಕ್ಟರೇಟ್ ಇರಲಿಲ್ಲ, ವಿಶ್ವವಿದ್ಯಾಲಯದ ಹುದ್ದೆ ಇರಲಿಲ್ಲ. ಮೊದಲ ಮಹಾಯುದ್ಧದ ಮೊದಲ ತಿಂಗಳನ್ನು ಕುರಿತ ಅವರ ‘ದಿ ಗನ್ಸ್ ಆಫ್ ಆಗಸ್ಟ್’ 1962ರಲ್ಲಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಎದುರಾದಾಗ ಅಧ್ಯಕ್ಷ ಕೆನಡಿಯ ಮನಸ್ಸಿನಲ್ಲಿ ಇದ್ದದ್ದು ಈ ಪುಸ್ತಕ. ಯಾರಿಗೂ ಬೇಡದಿದ್ದ ಯುದ್ಧದೊಳಕ್ಕೆ ಯುರೋಪು ಎಡವಿಬಿದ್ದ ಹಾಗೆ ತಾವೂ ಬೀಳಬಾರದೆಂಬ ಎಚ್ಚರ ಅವರಿಗೆ ಅದರಿಂದ ಬಂದಿತ್ತೆಂದು ಸಹೋದರ ರಾಬರ್ಟ್ ಕೆನಡಿ ದಾಖಲಿಸಿದ್ದಾರೆ. ಅಣ್ವಸ್ತ್ರ ಯುದ್ಧದ ಅಂಚಿನಲ್ಲಿ ನಿಂತವರ ಕೈಗೆ ಸಿಕ್ಕಿದ್ದು ಪಂಡಿತರ ಪ್ರಬಂಧವಲ್ಲ, ಸಾಮಾನ್ಯ ಓದುಗರ ಮಾರುಕಟ್ಟೆಯ ಪುಸ್ತಕ. ಆದರೆ ಯುದ್ಧ ಆಕಸ್ಮಿಕ ಎಂಬ ಆ ಪಾಠ ಎಷ್ಟು ಸರಿ? ಜರ್ಮನಿಯ ಆಳುವ ವರ್ಗದ ವಿಸ್ತರಣೆಯ ಆಸೆಯೇ ಯುದ್ಧದ ಹಿಂದಿತ್ತೆಂದು ಇತಿಹಾಸಕಾರ ಫ್ರಿಟ್ಜ್ ಫಿಶರ್ 1961ರಲ್ಲೇ ವಾದಿಸಿದ್ದರು. ಯುದ್ಧ ಹೊತ್ತಿಕೊಂಡ ಆಸ್ಟ್ರಿಯಾ–ಸರ್ಬಿಯಾ ರಂಗವನ್ನು ಟಕ್‌ಮನ್ ತಮ್ಮ ಪುಸ್ತಕದಿಂದ ಉದ್ದೇಶಪೂರ್ವಕವಾಗಿ ಹೊರಗಿಟ್ಟಿದ್ದರು. ಪುಸ್ತಕ ಒಳ್ಳೆಯ ಎಚ್ಚರ ಕೊಟ್ಟಿತು, ಅದರ ಚಿತ್ರ ಮಾತ್ರ ಅಪೂರ್ಣವಾಗಿತ್ತು. ಎರಡನ್ನೂ ಒಟ್ಟಿಗೆ ಹೇಳಬೇಕಾದರೆ ಅದನ್ನು ಹಗುರ ಎಂದು ಬದಿಗಿಡುವ ಹಾಗಿಲ್ಲ, ಎದುರಿಗಿಟ್ಟುಕೊಂಡು ಓದಬೇಕು.

ಕರ್ನಾಟಕದ ಚರಿತ್ರೆಯ ತಿಳಿವಳಿಕೆಯೂ ಇದೇ ದಾರಿಯಲ್ಲಿ ಹರಡಿದ್ದು. ವಿಜಯನಗರದ ಹುಟ್ಟು ಬಹುಮಂದಿಗೆ ಮೊದಲು ಗೊತ್ತಾದದ್ದು ಶಾಸನಗಳ ಸಂಪುಟಗಳಿಂದಲ್ಲ, ಗಳಗನಾಥರ ‘ಮಾಧವ ಕರುಣಾವಿಲಾಸ’ದಂಥ ಕಾದಂಬರಿಗಳಿಂದ. ಚಿತ್ರದುರ್ಗದ ಪಾಳೆಯಗಾರರನ್ನು ಮನೆಮಾತಾಗಿಸಿದ್ದು ತ.ರಾ.ಸು. ಒನಕೆ ಓಬವ್ವ ಎಂದೊಡನೆ ಕಣ್ಣಮುಂದೆ ಬರುವ ರೂಪ 1972ರ ‘ನಾಗರಹಾವು’ ಚಿತ್ರದ್ದು. ಜನರ ನೆನಪಿನಲ್ಲಿರುವ ಇತಿಹಾಸವನ್ನು ಕಟ್ಟಿದವರು ಇವರೇ ಆಗಿರುವಾಗ, ಇವರ ಕೃತಿಗಳಲ್ಲಿ ದಾಖಲೆ ಎಷ್ಟು, ಐತಿಹ್ಯ ಎಷ್ಟು, ಕಲ್ಪನೆ ಎಷ್ಟು ಎಂದು ಅಳೆಯುವ ಕೆಲಸ ವಿದ್ವತ್ತಿನ ಅಂಚಿನದಾಗುವುದಿಲ್ಲ.

ಉಳಿದದ್ದು ಪಂಡಿತರ ಮಾತು. ಓದಿದೊಡನೆ ಬಾಯಿಗೆ ಬರುವ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಶಾಸ್ತ್ರ ಬಲ್ಲವನ ವಿವೇಚನೆ ಮಾತ್ರ ವಿಮರ್ಶೆ ಎಂಬುದು ಅದರ ಸಾರ. ಸೂಪರ್‌ಮ್ಯಾನ್ ಕತೆ ಓದಿದ ಮಗು ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಯಿದೆ: ಇಷ್ಟೊಂದು ಶಕ್ತಿ ಇರುವವನು ಬರೀ ಬ್ಯಾಂಕ್ ಕಳ್ಳರನ್ನು ಏಕೆ ಹಿಡಿಯುತ್ತಾನೆ, ಬಡತನವನ್ನೇ ಏಕೆ ತೊಲಗಿಸುವುದಿಲ್ಲ? ಇಟಲಿಯ ಚಿಂತಕ ಉಂಬರ್ಟೊ ಎಕೊ 1962ರಲ್ಲಿ ಸೂಪರ್‌ಮ್ಯಾನ್ ಬಗ್ಗೆ ಬರೆದ ಹೆಸರಾಂತ ಪ್ರಬಂಧದ ಒಂದು ಮುಖ್ಯ ಎಳೆ ಇದೇ. ಜಗತ್ತನ್ನೇ ಬದಲಿಸಬಲ್ಲವನು ತನ್ನ ಊರಿನ ಆಸ್ತಿ ಕಾಯುವುದರಲ್ಲೇ ತೃಪ್ತನಾಗಿದ್ದಾನೆ, ಖಾಸಗಿ ಆಸ್ತಿಗೆ ಕೈ ಹಾಕುವುದೇ ಈ ಕತೆಗಳಲ್ಲಿ ಕೆಡುಕಿನ ಮುಖ್ಯ ರೂಪ ಎಂದು ಎಕೊ ತೋರಿಸಿದರು. ಮಗುವಿನ ಪ್ರಶ್ನೆಗೂ ಎಕೊ ಅವರ ಪ್ರಬಂಧಕ್ಕೂ ಇರುವ ಅಂತರ ತಯಾರಿಯದು, ಆಧಾರಗಳದು. ಪ್ರಶ್ನೆ ಒಂದೇ. ಮೊದಲ ಪ್ರತಿಕ್ರಿಯೆ ವಿಮರ್ಶೆಯ ಶತ್ರುವಲ್ಲ, ವಿಮರ್ಶೆ ಮೊಳೆಯುವುದೇ ಅದರಿಂದ.

ಜಾರ್ಜ್ ಆರ್ವೆಲ್ 1940ರಲ್ಲಿ ಬ್ರಿಟನ್ನಿನ ಹುಡುಗರ ವಾರಪತ್ರಿಕೆಗಳನ್ನು ಕುರಿತು ‘ಹೊರೈಜನ್’ ಪತ್ರಿಕೆಯಲ್ಲಿ ಬರೆದ ಲೇಖನವೂ ಇದನ್ನೇ ಸ್ಥಿರಪಡಿಸುತ್ತದೆ. ಅಂಗಡಿಗಳಲ್ಲಿ ಬಿಡಿಗಾಸಿಗೆ ಸಿಗುವ ಆ ಪತ್ರಿಕೆಗಳ ಜಗತ್ತಿನಲ್ಲಿ ಕಾಲ 1910ರ ಸುಮಾರಿಗೆ ನಿಂತುಬಿಟ್ಟಿದೆ, ಮುಷ್ಕರ, ನಿರುದ್ಯೋಗಗಳ ಸುಳಿವೇ ಅಲ್ಲಿಲ್ಲ, ಓದುವ ಹುಡುಗರೊಳಗೆ ಒಂದು ರಾಜಕೀಯ ಸದ್ದಿಲ್ಲದೆ ಇಳಿಯುತ್ತಿದೆ ಎಂದು ಅವರು ಸಾಲು ಸಾಲಾಗಿ ಓದಿ ತೋರಿಸಿದರು. ಮೂವತ್ತು ವರ್ಷ ಒಂದೇ ಧಾಟಿಯಲ್ಲಿ ಬರುತ್ತಿರುವ ಈ ಕತೆಗಳು ಒಬ್ಬನ ಬರವಣಿಗೆ ಆಗಿರಲಾರದು ಎಂದೂ ಊಹಿಸಿದರು. ಆ ಕತೆಗಳ ಲೇಖಕ ಫ್ರಾಂಕ್ ರಿಚರ್ಡ್ಸ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟು, ಅವನ್ನು ಬರೆದವನು ತಾನೊಬ್ಬನೇ ಎಂದು ತಿಳಿಸಿದರು. ಹುಡುಗರ ಪತ್ರಿಕೆಯನ್ನು ಗಂಭೀರವಾಗಿ ಓದಿದ್ದರಿಂದ ಆರ್ವೆಲ್ ಅವರಿಗೆ ಒಂದು ಸತ್ಯ ಕಂಡಿತು. ಓದಿದ್ದನ್ನು ಬರೆದು ಹೊರಗಿಟ್ಟಿದ್ದರಿಂದ ಅವರ ಒಂದು ತಪ್ಪು ತಿದ್ದುಪಡಿಯಾಯಿತು. ತಿರಸ್ಕಾರದಿಂದ ಈ ಎರಡರಲ್ಲಿ ಒಂದೂ ಆಗುತ್ತಿರಲಿಲ್ಲ.

ಸ್ವತಃ ವರ್ಥಮ್ ಅವರ ಕೊನೆಯ ಮುಖ್ಯ ಕೃತಿಯೂ ಪಂಡಿತರ ವಾದಕ್ಕೆ ವಿರುದ್ಧವಾದ ಸಾಕ್ಷಿ. ಕಾಮಿಕ್ಸ್ ಮತ್ತು ವೈಜ್ಞಾನಿಕ ಕತೆಗಳ ಅಭಿಮಾನಿಗಳು ತಾವೇ ಬರೆದು, ಚಿತ್ರಿಸಿ, ಸೈಕ್ಲೊಸ್ಟೈಲ್ ಮಾಡಿ ಹಂಚಿಕೊಳ್ಳುತ್ತಿದ್ದ ಪುಟ್ಟ ಪತ್ರಿಕೆಗಳನ್ನು ಕುರಿತು ಅವರು 1973ರಲ್ಲಿ ಪುಸ್ತಕ ಬರೆದರು. ವ್ಯಾಪಾರದ ಹಂಗಿಲ್ಲದ, ಸ್ವಂತ ಮನಸ್ಸಿನ, ರಚನಾತ್ಮಕ ಸಂವಹನವೆಂದು ಅವನ್ನು ಮೆಚ್ಚಿದರು. ಇಪ್ಪತ್ತು ವರ್ಷ ಹಿಂದೆ ಯಾವ ಪುಸ್ತಕಗಳು ಮಕ್ಕಳನ್ನು ಹಾಳುಮಾಡುತ್ತವೆ ಎಂದಿದ್ದರೋ ಅವನ್ನೇ ಓದಿ ಬೆಳೆದವರು ತಮ್ಮ ಮೆಚ್ಚುಗೆ, ಜಗಳ, ಅನುಮಾನಗಳನ್ನು ಬರೆದುಕೊಂಡದ್ದನ್ನು ಕೈಗೆತ್ತಿಕೊಂಡು ಓದಿದಾಗ, ಅದೇ ವೈದ್ಯರಿಗೆ ಅಲ್ಲಿ ರೋಗ ಕಾಣಲಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಮನುಷ್ಯನ ಆಯುಷ್ಯ ಸಣ್ಣದು, ಹಗುರವಾದದ್ದನ್ನು ಓದುವ ಹೊತ್ತಿನಲ್ಲಿ ಘನವಾದದ್ದು ತಪ್ಪಿಹೋಗುತ್ತದೆ ಎಂಬುದು ಮೊದಲನೆಯದು. ಓದಿನ ಹೊತ್ತು ಹೀಗೆ ಪಾಲು ಹಂಚಿದ ಹೊಲದಂತೆ ಇರುವುದಿಲ್ಲ. ಒಂದು ರುಚಿ ಇನ್ನೊಂದಕ್ಕೆ ದಾರಿ ಮಾಡುತ್ತದೆ. ಬಂಕಿಮಚಂದ್ರರ ರಮ್ಯ ಕಥೆಗಳನ್ನು ಬಂಗಾಳಿಯಿಂದ ತಂದ ಬಿ. ವೆಂಕಟಾಚಾರ್ಯರೂ ತಮ್ಮ ಪುಸ್ತಕಗಳನ್ನು ಊರೂರಿಗೆ ಹೊತ್ತು ಮಾರಿದರೆಂದು ಹೆಸರಾದ ಗಳಗನಾಥರೂ ಮೊದಲು ಓದುಗರನ್ನು ಹುಟ್ಟಿಸಿದರು. ಕನ್ನಡದ ಗಂಭೀರ ಕಾದಂಬರಿ ಬಂದದ್ದು ಆ ಓದುಗರ ನಡುವೆ. ನಾಲ್ಕನೆಯ ತರಗತಿಯಷ್ಟೇ ಓದಿದ್ದ ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳು ಪಠ್ಯಪುಸ್ತಕದಾಚೆ ಏನನ್ನೂ ಮುಟ್ಟದಿದ್ದವರ ಕೈಗೆ ಪುಸ್ತಕ ಕೊಟ್ಟವು. ನರಸಿಂಹಯ್ಯನವರನ್ನು ಸಾಹಿತ್ಯ ಚರಿತ್ರೆಯಿಂದ ಹೊರಗಿಟ್ಟವರು, ತಮ್ಮದೇ ಓದುಗರಲ್ಲಿ ಎಷ್ಟು ಮಂದಿ ಅವರ ಪುಸ್ತಕದಿಂದ ಓದಲು ಶುರುಮಾಡಿದವರು ಎಂದು ವಿಚಾರಿಸಲಿಲ್ಲ.

ಎರಡನೆಯ ಆಕ್ಷೇಪ ಮೌಲ್ಯದ್ದು. ಎಲ್ಲವನ್ನೂ ಓದಬಹುದು, ಎಲ್ಲದರ ಬಗ್ಗೆಯೂ ಮಾತಾಡಬಹುದು ಎಂದರೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವೇ ಉಳಿಯುವುದಿಲ್ಲವಲ್ಲ ಎಂಬ ಭಯ. ವಾಸ್ತವ ಇದಕ್ಕೆ ತದ್ವಿರುದ್ಧ. ಪತ್ತೇದಾರಿ ಕಾದಂಬರಿಗಳೆಲ್ಲ ಕಸ ಎಂದವರಿಗೆ ಒಂದು ಪತ್ತೇದಾರಿ ಕಾದಂಬರಿ ಇನ್ನೊಂದಕ್ಕಿಂತ ಏಕೆ ಮೇಲು ಎಂದು ಹೇಳುವ ಸಾಮರ್ಥ್ಯ ಇರುವುದಿಲ್ಲ. ಯಹೂದಿ ನರಮೇಧವನ್ನು ಚಿತ್ರಕಥೆಯಾಗಿ ಹೇಳಿದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಬಂದಾಗ, ಇದು ಕಾಮಿಕ್ಸ್ ಅಲ್ಲ, ಅದಕ್ಕಿಂತ ದೊಡ್ಡದು ಎಂದು ಹಲವರು ಹೇಳಿಕೊಂಡರು. ಒಂದು ಒಳ್ಳೆಯ ಕೃತಿ ಸಿಕ್ಕೊಡನೆ ಅದನ್ನು ಅದರ ಜಾತಿಯಿಂದ ಹೊರತೆಗೆಯುವುದು, ಜಾತಿಯ ಬಗೆಗಿನ ತೀರ್ಪನ್ನು ಹಾಗೆಯೇ ಉಳಿಸಿಕೊಳ್ಳುವ ಉಪಾಯ. ಭೇದ ಮಾಡಬೇಕಾದದ್ದು ಜಾತಿಗಳ ನಡುವೆ ಅಲ್ಲ, ಪುಸ್ತಕಗಳ ನಡುವೆ.

ಹಾಗೆ ಭೇದ ಮಾಡಲು ಬೇಕಾದ ಪ್ರಶ್ನೆಗಳು ಕೆಲವೇ, ಎಲ್ಲ ಬಗೆಯ ಪುಸ್ತಕಕ್ಕೂ ಅನ್ವಯಿಸುವಂಥವು. ಕೃತಿ ಏನು ಮಾಡಲು ಹೊರಟಿದೆ, ಅದನ್ನು ಮಾಡಿದೆಯೇ? ನಿಜವೆಂದು ಹೇಳಿಕೊಳ್ಳುವುದಾದರೆ ಆಧಾರ ಯಾವುದು? ಯಾರನ್ನು ಚಿತ್ರದಲ್ಲಿ ಇಟ್ಟಿದೆ, ಯಾರನ್ನು ಬಿಟ್ಟಿದೆ? ಓದುವಾಗ ಎಲ್ಲಿ ಅನುಮಾನ ಬಂತು, ಏಕೆ? ಸಂಶೋಧನ ಗ್ರಂಥವೂ ಈ ಪರೀಕ್ಷೆಯಲ್ಲಿ ಸೋಲಬಹುದು. ವರ್ಥಮ್ ಅವರ ಪುಸ್ತಕ ಸೋತದ್ದು ಹಾಗೆಯೇ. ಬಿಡಿಗಾಸಿನ ಕಾಮಿಕ್ಸ್ ಗೆಲ್ಲಬಹುದು. ‘ಜಜ್‌ಮೆಂಟ್ ಡೇ’ ಗೆದ್ದಿತು. ಈ ಪ್ರಶ್ನೆಗಳನ್ನು ಕೇಳಲು ಪದವಿ ಬೇಕಿಲ್ಲ, ಪುಸ್ತಕವನ್ನು ಓದಿರಬೇಕು. ಹಗುರ ಓದನ್ನು ಹಳಿಯುವವರೂ ರಿಯಾಯಿತಿ ತೋರುವವರೂ ಒಟ್ಟಾಗಿ ತಪ್ಪಿಸಿಕೊಳ್ಳುತ್ತಿರುವುದು ಈ ಒಂದು ಹೊಣೆಯಿಂದ.